ಕಾರು ತೊಳೆದ ಕ್ಷಾರ, ಹಳ್ಳದ ಮೀನು

2004ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ವಾಯಾವು ನದಿಯಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. ಬಿಡಿಯಾಗಿ ನೋಡಿದರೆ ಬರಿಗಣ್ಣಿಗೆ ಕಾಣದ ಏಕಕೋಶ ಜೀವಿ. ಕೂಡಿ ಬೆಳೆದರೆ ನದಿಯ ತಳದ ಕಲ್ಲುಗಳನ್ನೆಲ್ಲ ದಪ್ಪ ಕಂದು ಪದರವಾಗಿ ಮುಚ್ಚಿಬಿಡುತ್ತದೆ. ಒದ್ದೆ ಬೂಟಿಗೆ ಅಂಟಿದ ಒಂದು ಹನಿ ನೀರು ಸಾಕು, ಮುಂದಿನ ನದಿಗೂ ದಾಟುತ್ತದೆ. ಮೀನು ಹಿಡಿಯುವವರಿಗೆ, ದೋಣಿ ಇಳಿಸುವವರಿಗೆ ಸರ್ಕಾರ ಆಗ ಹೇಳಿದ ಮದ್ದು ಅಡುಗೆಮನೆಯದೇ: ಪಾತ್ರೆ ತೊಳೆಯುವ ದ್ರವವನ್ನು ಶೇ. 5ರಷ್ಟು ಬೆರೆಸಿದ ನೀರಿನಲ್ಲಿ ಬೂಟು, ಬಲೆಗಳನ್ನು ಒಂದು ನಿಮಿಷ ನೆನೆಸಿ. ಅಷ್ಟಕ್ಕೇ ಡಿಡಿಮೊ ಸಾಯುತ್ತದೆ.

ದಿನವೂ ಬರಿಗೈಯಲ್ಲಿ ಮುಟ್ಟುವ ನೊರೆಗೆ ಇಂಥ ಶಕ್ತಿಯಿದೆ. ಕಾರನ್ನು ಒಳಗೂ ಹೊರಗೂ ಮೂಲೆಮೂಲೆ ಬಿಡದೆ ಶುಚಿಗೊಳಿಸುವವರು ಬಳಸುವ ‘ಆಲ್ ಪರ್ಪಸ್ ಕ್ಲೀನರ್’, ಅಂದರೆ ಎಪಿಸಿ, ಇದೇ ಕುಲದ್ದು. ಆದರೆ ಇನ್ನಷ್ಟು ಖಾರ. ಅದು ಕೆಲಸ ಮಾಡುವ ಬಗೆ ತಿಳಿದರೆ ಕಾರೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ, ಬೀದಿಯಾಚೆಯ ಹಳ್ಳವೂ ಉಳಿಯುತ್ತದೆ.

ಎಪಿಸಿಯ ಮುಖ್ಯ ಕೆಲಸಗಾರ ಸರ್ಫ್ಯಾಕ್ಟಂಟ್. ಈ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಎಣ್ಣೆ ಬಯಸುವ ತುದಿಗಳು ಜಿಡ್ಡಿನೊಳಗೆ ನಾಟಿಕೊಳ್ಳುತ್ತವೆ, ನೀರು ಬಯಸುವ ತುದಿಗಳು ಹೊರಗೆ ಉಳಿಯುತ್ತವೆ. ನೂರಾರು ಅಣುಗಳು ಹೀಗೆ ಸುತ್ತುವರಿದಾಗ ಜಿಡ್ಡು ಸಣ್ಣ ಸಣ್ಣ ಗುಂಡುಗಳಾಗಿ ಎದ್ದು ನೀರಿನ ಜೊತೆ ಹೊರಡುತ್ತದೆ. ಜೀವಕೋಶದ ಹೊರಪೊರೆಯೂ ಕೊಬ್ಬಿನ ಎರಡು ಪದರವೇ. ಬಾನೆಟ್ ಮೇಲಿನ ಎಣ್ಣೆ ಯಾವುದು, ಪಾಚಿಯ ಪೊರೆ ಯಾವುದು ಎಂಬ ಭೇದ ಆ ಅಣುವಿಗಿಲ್ಲ. ಒಂದು ಮಿತಿ ದಾಟಿದ ಮೇಲೆ ಸರ್ಫ್ಯಾಕ್ಟಂಟ್ ಎಷ್ಟು ಸುರಿದರೂ ನೀರಿನ ಮೇಲ್ಮೈ ಎಳೆತ ಇನ್ನು ಇಳಿಯುವುದಿಲ್ಲ. ಹೆಚ್ಚಾದದ್ದು ಬಟ್ಟೆಗೆ, ಸೀಟಿಗೆ ಅಂಟಿಕೊಂಡು ಮತ್ತೆ ಧೂಳನ್ನೇ ಕರೆಯುತ್ತದೆ.

ಎರಡನೆಯ ಕೆಲಸಗಾರ ಕ್ಷಾರ. ವಾಷಿಂಗ್ ಸೋಡ, ಸೋಡಿಯಂ ಮೆಟಾಸಿಲಿಕೇಟ್‌ನಂಥವು ಕೊಬ್ಬನ್ನು ಸೀಳಿ ಸಾಬೂನಾಗಿಸುತ್ತವೆ. ನಮ್ಮಲ್ಲಿ ಒಲೆಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದಾಗ ನಡೆಯುತ್ತಿದ್ದುದೂ ಇದೇ ಕ್ರಿಯೆ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಕ್ಷಾರದ ಬಲವನ್ನು ಅಳೆಯುವ ಪಿಎಚ್ ಮಾಪಕದಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. ಪಿಎಚ್ 10ರ ದ್ರಾವಣಕ್ಕಿಂತ ಪಿಎಚ್ 12ರದು ನೂರು ಪಟ್ಟು ಪ್ರಬಲ.

ಇಲ್ಲೇ ಬಹಳ ಜನ ಎಡವುತ್ತಾರೆ. ಹತ್ತು ಪಾಲು ನೀರು ಬೆರೆಸಿದೆ, ಇನ್ನೇನು ಭಯ ಎನ್ನುತ್ತಾರೆ. ಬರೀ ಕಾಸ್ಟಿಕ್ ಸೋಡದ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿದರೂ ಪಿಎಚ್ ಇಳಿಯುವುದು ಸುಮಾರು ಒಂದೇ ಮೆಟ್ಟಿಲು. ಕಾರ್ಬೊನೇಟ್, ಸಿಲಿಕೇಟ್ ಇರುವಲ್ಲಿ ಅಷ್ಟೂ ಇಳಿಯುವುದಿಲ್ಲ, ಅವು ಪಿಎಚ್ ಅನ್ನು ಹಿಡಿದಿಡುತ್ತವೆ. ನೀರು ಬೆರೆಸಿದಾಗ ಕಡಿಮೆಯಾಗುವುದು ಕ್ಷಾರದ ಒಟ್ಟು ದಾಸ್ತಾನು. ಅದೂ ನೀರು ಇರುವತನಕ ಮಾತ್ರ. ಬಿಸಿಲಿಗೆ ಕಾದ ಕಪ್ಪು ಬಾನೆಟ್ ಮೇಲೆ ಸಿಂಪಡಿಸಿದರೆ ನೀರು ಆವಿಯಾಗುತ್ತದೆ, ಕ್ಷಾರ ಉಳಿಯುತ್ತದೆ, ನೀವು ಅಳೆದು ಬೆರೆಸಿದ ಲೆಕ್ಕವೆಲ್ಲ ನಿಮಿಷಗಳಲ್ಲಿ ಹಿಂದಕ್ಕೆ ತಿರುಗುತ್ತದೆ. ಎಪಿಸಿಯನ್ನು ಒಣಗಲು ಬಿಡಬಾರದು, ಕಾರನ್ನು ನೆರಳಿಗೆ ತಂದು ಲೋಹ ತಣ್ಣಗಾದ ಮೇಲೆಯೇ ಹಚ್ಚಬೇಕು. ಇದೊಂದನ್ನು ಪಾಲಿಸಿದರೆ ಅರ್ಧ ಅನಾಹುತ ತಪ್ಪುತ್ತದೆ.

ನ್ಯೂಜಿಲೆಂಡಿನಲ್ಲಿ ಬಿಸಿಲಿನ ಮಾತಿಗೆ ಇನ್ನೂ ತೂಕವಿದೆ. ಅಲ್ಲಿನ ಬೇಸಿಗೆಯ ಅತಿನೇರಳೆ ಕಿರಣಗಳ ಗರಿಷ್ಠ ತೀವ್ರತೆ ಉತ್ತರ ಗೋಳದ ಅದೇ ಅಕ್ಷಾಂಶದ ಊರುಗಳಿಗಿಂತ ಸುಮಾರು ಶೇ. 40ರಷ್ಟು ಹೆಚ್ಚು. ಅಲ್ಲಿ ಓಡುವ ಕಾರುಗಳಲ್ಲಿ ಜಪಾನಿನಿಂದ ಬಂದ ಹಳೆಯವು ಬಹಳ. ಹೆಡ್‌ಲೈಟಿನ ಪಾಲಿಕಾರ್ಬೊನೇಟ್ ಮೇಲಿರುವ ರಕ್ಷಾಲೇಪ ಬಿಸಿಲಿಗೆ ಸವೆದು ಹೋದ ಮೇಲೆ ಒಳಗಿನ ಪ್ಲಾಸ್ಟಿಕ್ ಬೆತ್ತಲೆ ನಿಲ್ಲುತ್ತದೆ. ಪಾಲಿಕಾರ್ಬೊನೇಟ್‌ನ ಅಣುಸರಪಳಿಯ ಕೊಂಡಿಗಳನ್ನು ಕ್ಷಾರ ಕತ್ತರಿಸಬಲ್ಲದು. ಅಚ್ಚು ಹಾಕುವಾಗ ಒಳಗೆ ಉಳಿದ ಬಿಗಿತವೂ ಸೇರಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಹಳದಿಯಾದ ದೀಪಕ್ಕೆ ಗಾಢ ಎಪಿಸಿ ಹಚ್ಚಿ ತಿಕ್ಕುವುದು ಅದರ ಆಯುಸ್ಸನ್ನು ಕಡಿಯುವ ಕೆಲಸ.

ಅಲ್ಯೂಮಿನಿಯಂ ಇನ್ನೂ ಸೂಕ್ಷ್ಮ. ಸೋಡದ ನೀರಿನಲ್ಲಿ ಕುದಿಸಿದ ಅಲ್ಯೂಮಿನಿಯಂ ಪಾತ್ರೆ ಕಪ್ಪಿಡುವುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾದೀತು. ಕಾರಿನ ಛಾವಣಿಯ ಕಂಬಿ, ಕಿಟಕಿಯ ಸುತ್ತಲಿನ ಪಟ್ಟಿ ಆನೊಡೈಸ್ ಮಾಡಿದವು. ಕೂದಲಿಗಿಂತಲೂ ತೆಳುವಾದ ಆಕ್ಸೈಡ್ ಪದರವೇ ಅವುಗಳ ಕವಚ. ಆ ಆಕ್ಸೈಡ್ ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಒಮ್ಮೆ ಹಾಲುಬಿಳಿ ಕಲೆ ಮೂಡಿತೆಂದರೆ ಯಾವ ಬಟ್ಟೆಯಿಂದ ಒರೆಸಿದರೂ ಹೋಗದು, ಏಕೆಂದರೆ ಅದು ಮೇಲೆ ಕೂತ ಕೊಳೆಯಲ್ಲ, ಕರಗಿಹೋದ ಕವಚ. ಅಲ್ಲಿಗೆ ಪಿಎಚ್ 7ರ ಆಸುಪಾಸಿನ ಕಾರ್ ಶಾಂಪೂವೇ ಸರಿ.

ಕಾರಿನೊಳಗೆ 1:10 ಸಾಮಾನ್ಯವಾಗಿ ಸಾಕು. ಅರ್ಧ ಲೀಟರ್ ಬಾಟಲಿಯಲ್ಲಿ 45 ಮಿಲಿಲೀಟರ್ ಎಪಿಸಿ, ಉಳಿದದ್ದು ನೀರು. ಚಕ್ರದ ಕಮಾನಿನಂಥ ಕಡೆ 1:4ರವರೆಗೆ ಹೋಗಬಹುದು. ಲೇಬಲ್ ಬೇರೆ ಹೇಳಿದರೆ ಲೇಬಲ್ಲೇ ಪ್ರಮಾಣ. ಗುಂಡಿಗಳ ಸಂದಿಗೆ ನೇರ ಸಿಂಪಡಿಸದೆ ಮೈಕ್ರೊಫೈಬರ್ ಬಟ್ಟೆಗೆ ಸಿಂಪಡಿಸಿ ಒರೆಸಿ. ಟಚ್‌ಸ್ಕ್ರೀನಿನ ಮೇಲಿನ ಲೇಪಕ್ಕೆ ಎಪಿಸಿ ಬೇಡವೇ ಬೇಡ. ಚರ್ಮವನ್ನು ಹದ ಮಾಡಿದ್ದು ಆಮ್ಲದ ಕಡೆಯ ಪಿಎಚ್‌ನಲ್ಲಿ. ಅದಕ್ಕೆ ಕ್ಷಾರ ಒಗ್ಗದು. ಸೀಟ್ ಬೆಲ್ಟಿಗೆ ಸೌಮ್ಯ ಸಾಬೂನು ನೀರು ಮಾತ್ರ. ಅಪಘಾತದಲ್ಲಿ ಜೀವ ನಿಲ್ಲುವುದು ಆ ನೂಲಿನ ಮೇಲೆ, ಅಲ್ಲಿ ಪ್ರಯೋಗ ಸಲ್ಲದು.

ಎಪಿಸಿ ತಾಗಿದ ಬೆರಳು ಜಾರುಜಾರಾಗುತ್ತದಲ್ಲ, ಅದು ಕ್ಷಾರ ನಿಮ್ಮ ಚರ್ಮದ ಕೊಬ್ಬನ್ನೇ ಸಾಬೂನಾಗಿಸುತ್ತಿರುವ ಗುರುತು. ಕೆಲವು ಎಪಿಸಿಗಳಲ್ಲಿರುವ ಬ್ಯುಟಾಕ್ಸಿಎಥನಾಲ್ ಚರ್ಮದ ಮೂಲಕ ಒಳಗಿಳಿಯುತ್ತದೆ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಕಾರಿನ ಬಾಗಿಲುಗಳನ್ನು ತೆರೆದಿಡಿ. ಕಣ್ಣಿಗೆ ಆಮ್ಲಕ್ಕಿಂತ ಕ್ಷಾರ ಕೇಡು, ಅದು ಒಳಗೊಳಗೆ ಇಳಿಯುತ್ತಲೇ ಹೋಗುತ್ತದೆ. ಹನಿ ಹಾರಿದರೆ ಕಾಯದೆ ಹದಿನೈದು ಇಪ್ಪತ್ತು ನಿಮಿಷ ಹರಿವ ನೀರಿನಲ್ಲಿ ತೊಳೆಯಬೇಕು. ನ್ಯೂಜಿಲೆಂಡಿನಲ್ಲಿರುವವರು ಡುನೆಡಿನ್‌ನ ರಾಷ್ಟ್ರೀಯ ವಿಷ ಕೇಂದ್ರದ 0800 764 766 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡಿರಲಿ.

ಇನ್ನು ಆ ನೀರು ಹೋಗುವ ದಾರಿ. ನ್ಯೂಜಿಲೆಂಡಿನ ಬಹುತೇಕ ಊರುಗಳಲ್ಲಿ ಶೌಚದ ಒಳಚರಂಡಿ ಬೇರೆ, ಬೀದಿಯ ಮಳೆಚರಂಡಿ ಬೇರೆ. ಮಳೆಚರಂಡಿಯ ನೀರು ಶುದ್ಧೀಕರಣ ಘಟಕ ಕಾಣದೆ ನೇರ ಹಳ್ಳಕ್ಕೆ, ಅಲ್ಲಿಂದ ಕಡಲಿಗೆ ಹೋಗುತ್ತದೆ. ಆಕ್ಲೆಂಡಿನ ಓಕ್ಲಿ ಹಳ್ಳ ಮನೆಗಳ ನಡುವೆ ಹರಿದು ವೈಟೆಮಾಟಾ ಬಂದರಿಗೆ ಸೇರುವುದು ಹೀಗೆಯೇ. ಇಂಥ ಹಳ್ಳಗಳಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಲಾಂಗ್‌ಫಿನ್ ಹಾವುಮೀನು ಬದುಕುತ್ತದೆ. ದಶಕಗಳ ಕಾಲ ಬಾಳಿ, ಜೀವಮಾನದಲ್ಲಿ ಒಂದೇ ಸಲ ಮೊಟ್ಟೆಯಿಡಲು ಶಾಂತಸಾಗರದ ಬೆಚ್ಚನೆಯ ನೀರಿಗೆ ಈಜಿಹೋಗುವ ಜೀವ ಅದು. ಮೀನಿನ ಕಿವಿರು ತೆಳುಪೊರೆಗಳ ರಾಶಿ. ಸರ್ಫ್ಯಾಕ್ಟಂಟಿಗೆ ಅದೂ ಜಿಡ್ಡೇ. ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಹೊಳೆಯ ಗುಂಡಿಗೆ ಹಾಕಿ ಮೀನು ಹಿಡಿಯುತ್ತಿದ್ದುದರ ಗುಟ್ಟೂ ಇದೇ: ಆ ಕಾಯಿಯ ಸ್ಯಾಪೊನಿನ್ ನಿಸರ್ಗದ್ದೇ ಸಾಬೂನು, ಅದು ಕಿವಿರನ್ನು ಕೆಡಿಸುತ್ತದೆ.

ಬಾಟಲಿಯ ಮೇಲೆ ‘ಬಯೋಡಿಗ್ರೇಡಬಲ್’ ಎಂದಿದೆಯಲ್ಲ ಎಂದು ಕೇಳಬಹುದು. ಅದನ್ನು ಅಳೆಯುವ ಪ್ರಮಾಣಿತ ಪರೀಕ್ಷೆಯ ಅವಧಿ 28 ದಿನ. ಹಳ್ಳದ ಮೀನಿಗೆ ಅಷ್ಟು ದಿನ ಸಿಗುವುದಿಲ್ಲ. ಜೊತೆಗೆ ಬ್ರೇಕಿನ ತಾಮ್ರ, ಟೈರಿನ ಸತು ಕೂಡ ಆ ನೊರೆಯಲ್ಲಿ ಹೋಗುತ್ತವೆ. ನ್ಯೂಜಿಲೆಂಡಿನ 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆಯ 15ನೇ ಸೆಕ್ಷನ್, ಅನುಮತಿಯಿಲ್ಲದೆ ಹೀಗೆ ಮಾಲಿನ್ಯವನ್ನು ನೀರಿಗೆ ಬಿಡುವುದನ್ನು ನಿಷೇಧಿಸಿತು. ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡ ಎಂದಿತು. ಅದು ನೀರಿನ ಬರಕ್ಕೆ ಮಾಡಿದ ನಿಯಮ. ತೊಳೆದ ನೀರು ಎಲ್ಲಿ ಸೇರುತ್ತದೆಂಬ ಪ್ರಶ್ನೆಯನ್ನೂ ನಾವು ಅಷ್ಟೇ ಗಟ್ಟಿಯಾಗಿ ಕೇಳಬೇಕು. ಬೆಳ್ಳಂದೂರು ಕೆರೆಯ ನೊರೆ ನೋಡಿದ ಮೇಲಾದರೂ.

ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸಿ ತೊಳೆದರೆ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಸರ್ಫ್ಯಾಕ್ಟಂಟನ್ನು ಒಡೆಯಲು ಸಮಯ ಸಿಗುತ್ತದೆ. ಹಳ್ಳದ ದಂಡೆಯ ಹುಲ್ಲು ಮಾತ್ರ ಬೇಡ, ಇನಾಂಗ ಮೀನು ಮೊಟ್ಟೆಯಿಡುವುದು ಅಲ್ಲೇ. ಎಪಿಸಿ ಬಳಸುವ ಕೆಲಸವನ್ನು ಬಟ್ಟೆ, ಬಕೆಟ್‌ಗಳಲ್ಲೇ ಮುಗಿಸಿ; ಇಂಜಿನ್‌ನಂಥ ಜಿಡ್ಡಿನ ಭಾಗವಾದರೆ ನೀರನ್ನು ಒಳಚರಂಡಿಗೆ ಬಿಡುವ ಕಾರ್ ವಾಷ್‌ಗೆ ಒಯ್ಯಿರಿ. ಬಕೆಟ್ಟಿನ ಕೊನೆಯ ಕಪ್ಪುನೀರನ್ನು ರಸ್ತೆಯಂಚಿಗೆ ಚೆಲ್ಲದೆ ಬಟ್ಟೆ ಒಗೆಯುವ ಸಿಂಕಿಗೆ ಸುರಿಯಿರಿ.