ಕುದುರೆಮುಖದ ಕೊಳವೆ ಮತ್ತು ಕಾಲದ ಲೆಕ್ಕ

ಕಾರ್ಖಾನೆ, ವಿದ್ಯುತ್ ಕೇಂದ್ರ, ಕೊಳವೆ ಮಾರ್ಗಗಳ ಮೇಲೆ ಹಗಲಿರುಳು ಕಣ್ಣಿಟ್ಟು ಅವನ್ನು ಹತೋಟಿಯಲ್ಲಿಡುವ ತಂತ್ರಾಂಶದ ಉತ್ತರ ಸರಿಯಿದ್ದರಷ್ಟೇ ಸಾಲದು, ಹೊತ್ತಿಗೆ ಸರಿಯಾಗಿಯೂ ಬರಬೇಕು. ಬ್ಯಾಂಕಿನ ಕಂಪ್ಯೂಟರ್ ಎರಡು ಸೆಕೆಂಡು ತಡಮಾಡಿದರೆ ಗ್ರಾಹಕ ಗೊಣಗಬಹುದು, ಅಷ್ಟೆ. ಪಂಪಿನ ಒತ್ತಡ ಮಿತಿ ಮೀರಿದಾಗ ಎರಡು ಸೆಕೆಂಡು ತಡವಾಗಿ ಬಂದ ಸರಿಯುತ್ತರ ತಪ್ಪುತ್ತರವೇ. ಹಾಗಾಗಿ ಇಂಥ ತಂತ್ರಾಂಶವನ್ನು ಕಟ್ಟುವವರು ಯಾವ ತೀರ್ಮಾನ ಎಷ್ಟು ಹೊತ್ತು ಕಾಯಬಲ್ಲದು ಎಂಬ ಲೆಕ್ಕದಿಂದಲೇ ಕೆಲಸ ಶುರುಮಾಡುತ್ತಾರೆ.

ಈ ಲೆಕ್ಕಕ್ಕೆ ಚಿಕ್ಕಮಗಳೂರು ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆಯಿದೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ, ಕಳಸದಾಚೆಯ ಗುಡ್ಡಗಳಲ್ಲಿ ಅಗೆದ ಮ್ಯಾಗ್ನೆಟೈಟ್ ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಸಾಗಿಸುತ್ತಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಅಲ್ಲಿನ ಗಣಿಗಾರಿಕೆ 2005ರ ಡಿಸೆಂಬರ್ ಕೊನೆಗೆ ನಿಂತಿತು.

ಅದಿರು ಬೆರೆತ ಈ ಸ್ಲರಿ ನಿಂತರೆ ಕೆಡುತ್ತದೆ. ವೇಗ ಕಡಿಮೆಯಾದರೆ ಅದಿರಿನ ಕಣ ತಳಕ್ಕಿಳಿದು ಕೊಳವೆ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ಕೊಳವೆಯ ಒಳಮೈ ಸವೆಯುತ್ತದೆ. ಇಳಿಜಾರಿನಲ್ಲಿ ಕೊಳವೆ ತುಂಬಿ ಹರಿಯದಿದ್ದರೂ ಸವೆತ ತಪ್ಪದು. ದೂರದ ಸ್ಲರಿ ಕೊಳವೆಗಳಲ್ಲಿ ವಾಡಿಕೆಯಾಗಿರುವ, ಸೆಕೆಂಡಿಗೆ ಒಂದೂವರೆ ಮೀಟರ್ ವೇಗವನ್ನು ಇಟ್ಟುಕೊಂಡರೆ 67 ಕಿಲೋಮೀಟರ್ ದಾಟಲು ಹನ್ನೆರಡು ಗಂಟೆಗೂ ಹೆಚ್ಚು ಬೇಕು. ಆದರೆ ಒತ್ತಡದ ಅಲೆ ತುಂಬಿದ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಓಡುತ್ತದೆ. ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಒಂದು ನಿಮಿಷದ ಆಸುಪಾಸಿನಲ್ಲಿ ಮುಟ್ಟುತ್ತದೆ. ಆಪ್ಟಿಕಲ್ ಫೈಬರಿನಲ್ಲಿ ಅದೇ ದೂರಕ್ಕೆ ಒಂದು ಮಿಲಿಸೆಕೆಂಡೂ ಬೇಡ. ಸರಕಿನದು ಗಂಟೆಗಳ ಲೆಕ್ಕ, ಒತ್ತಡದ್ದು ಸೆಕೆಂಡುಗಳದು, ಸಂಕೇತದ್ದು ಮಿಲಿಸೆಕೆಂಡುಗಳದು. ಈ ಮೂರನ್ನೂ ಒಂದೇ ಕಂಪ್ಯೂಟರಿನ ತಲೆಗೆ ಕಟ್ಟುವುದು ಜಾಣತನವಲ್ಲ.

ಕಾಡಿನ ನಡುವೆ ಕೊಳವೆ ಸೀಳಿದರೆ ಅದನ್ನು ಪತ್ತೆಹಚ್ಚುವುದೂ ಈ ಲೆಕ್ಕದಿಂದಲೇ. ಸೀಳಿದ ಜಾಗದಿಂದ ಒತ್ತಡ ಕುಸಿತದ ಅಲೆ ಎರಡೂ ಕಡೆಗೆ ಹೊರಡುತ್ತದೆ. ಎರಡು ತುದಿಯ ಮಾಪಕಗಳು ಅದನ್ನು ಗುರುತಿಸಿದ ಸಮಯದ ಅಂತರದಿಂದ ಸೋರಿಕೆಯ ಜಾಗ ಸಿಗುತ್ತದೆ. ಎರಡೂ ಕಡೆಯ ಗಡಿಯಾರಗಳಲ್ಲಿ ಒಂದು ಸೆಕೆಂಡು ವ್ಯತ್ಯಾಸವಿದ್ದರೂ ಸಾಕು, ಲೆಕ್ಕ ಸುಮಾರು ಅರ್ಧ ಕಿಲೋಮೀಟರ್ ತಪ್ಪುತ್ತದೆ. ಅದಕ್ಕೇ ಪ್ರತಿಯೊಂದು ಅಳತೆಗೂ ಅದನ್ನು ತೆಗೆದ ಜಾಗದಲ್ಲೇ ಸಮಯದ ಮುದ್ರೆ ಬೀಳಬೇಕು. ನಿಯಂತ್ರಣ ಕೊಠಡಿಗೆ ಬಂದಮೇಲೆ ಹಾಕಿದರೆ ಉಪಯೋಗವಿಲ್ಲ.

ಹೀಗೆ ಬೇರೆ ಬೇರೆ ಹೊತ್ತಿನ ಕೆಲಸಗಳನ್ನು ಬೇರೆ ಬೇರೆ ಹಂತಗಳಿಗೆ ಹಂಚುತ್ತಾರೆ. ಎಲ್ಲಕ್ಕಿಂತ ಕೆಳಗೆ, ಯಂತ್ರದ ಪಕ್ಕದಲ್ಲೇ ಕೂರುವುದು ಪಿಎಲ್‌ಸಿ ಎಂಬ ನಿಯಂತ್ರಕ. ಅಮೆರಿಕದ ವಾಹನ ಕಾರ್ಖಾನೆಗಳ ರಿಲೇ ಪೆಟ್ಟಿಗೆಗಳ ಬದಲಿಗೆ 1960ರ ದಶಕದ ಕೊನೆಯಲ್ಲಿ ಬಂದ ಸಾಧನವಿದು. ಮಾಪಕಗಳನ್ನು ಓದು, ಲೆಕ್ಕ ಹಾಕು, ವಾಲ್ವಿಗೂ ಮೋಟಾರಿಗೂ ಆಜ್ಞೆ ಕೊಡು, ಮತ್ತೆ ಮೊದಲಿನಿಂದ ಶುರುಮಾಡು: ಸಾಮಾನ್ಯವಾಗಿ ಹತ್ತಾರು ಮಿಲಿಸೆಕೆಂಡಿಗೊಮ್ಮೆ ಇದೇ ಸುತ್ತು. ಸುತ್ತು ನಿಗದಿತ ಹೊತ್ತಿನಲ್ಲಿ ಮುಗಿಯದಿದ್ದರೆ ಒಳಗಿನ ಕಾವಲು ಗಡಿಯಾರ ಯಂತ್ರವನ್ನು ಸುರಕ್ಷಿತ ಸ್ಥಿತಿಗೆ ತರುತ್ತದೆ. ಹನಿವೆಲ್ ಮತ್ತು ಯೊಕೊಗಾವಾ ಕಂಪನಿಗಳು 1975ರಲ್ಲಿ ತಂದ ವ್ಯವಸ್ಥೆಗಳು ನಿಯಂತ್ರಣವನ್ನು ಒಂದೇ ದೊಡ್ಡ ಕಂಪ್ಯೂಟರಿನಿಂದ ಬಿಡಿಸಿ ಹಲವು ಸಣ್ಣ ಘಟಕಗಳಿಗೆ ಹಂಚಿದವು. ಒಂದು ಘಟಕ ಕೆಟ್ಟರೆ ಇಡೀ ಸ್ಥಾವರ ನಿಲ್ಲಬೇಕಿಲ್ಲ.

ಈ ನಿಯಂತ್ರಕಗಳ ಮೇಲಿನ ಹಂತ ಸ್ಕಾಡಾ ಎಂಬ ಮೇಲ್ವಿಚಾರಣಾ ವ್ಯವಸ್ಥೆ. ಪರದೆಯ ಮೇಲೆ ಚಿತ್ರ ತೋರಿಸುವುದು, ಎಚ್ಚರಿಕೆ ಗಂಟೆ ಬಾರಿಸುವುದು, ನಿರ್ವಾಹಕರ ಆಜ್ಞೆಯನ್ನು ಕೆಳಕ್ಕೆ ದಾಟಿಸುವುದು ಇದರ ಕೆಲಸ. ಸೆಕೆಂಡೆರಡು ತಡವಾದರೂ ನಡೆಯುತ್ತದೆ. ಅದಕ್ಕೂ ಮೇಲಿನದು ವರ್ಷಗಟ್ಟಲೆಯ ಅಳತೆಗಳನ್ನು ಕೂಡಿಡುವ ದತ್ತಸಂಚಯ. ಮೇಲಿನ ಹಂತ ಸತ್ತರೂ ಕೆಳಗಿನದು ತನ್ನ ಪಾಡಿಗೆ ನಡೆಯಬೇಕು ಎನ್ನುವುದು ಇಡೀ ರಚನೆಯ ಜೀವಾಳ. ಮಲೆನಾಡಿನ ಮಳೆಗಾಲಕ್ಕಂತೂ ಇದು ಹೇಳಿ ಮಾಡಿಸಿದ ನಿಯಮ: ಸಿಡಿಲು ಬಡಿದೋ ಮರ ಬಿದ್ದೋ ಸಂಪರ್ಕ ಕಡಿದರೆ, ದೂರದ ಘಟಕ ಅಳತೆಗಳನ್ನು ತನ್ನಲ್ಲೇ ಕೂಡಿಟ್ಟುಕೊಂಡು ಸಂಪರ್ಕ ಮರಳಿದಾಗ ಕಳಿಸಬೇಕು.

ಇದೇ ಕಾಲದ ಲೆಕ್ಕ ಸಣ್ಣ ಗಾತ್ರದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ ಬಣ್ಣ ವಿಂಗಡಣೆ ಯಂತ್ರದಲ್ಲೂ ಇದೆ. ಜಾರಿ ಬೀಳುವ ಬೀಜವನ್ನು ಕ್ಯಾಮೆರಾ ನೋಡುತ್ತದೆ. ಕಪ್ಪಾಗಿದ್ದರೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಗಾಳಿಯ ಚಿಮ್ಮು ಅದನ್ನು ಪಕ್ಕಕ್ಕೆ ಹಾರಿಸಬೇಕು. ಸ್ವಲ್ಪ ತಡವಾದರೂ ಹಾರುವುದು ಹಿಂದೆ ಬಂದ ಒಳ್ಳೆಯ ಬೀಜ. ಆ ತೀರ್ಮಾನವನ್ನು ದೂರದ ಸರ್ವರಿಗೆ ಕೇಳಿಕೊಂಡು ಕೂರುವಂತಿಲ್ಲ. ದಿನಕ್ಕೆಷ್ಟು ಕಪ್ಪು ಬೀಜ ಬಂತು ಎಂಬ ಲೆಕ್ಕ ಮಾತ್ರ ಸಂಜೆ ಕಚೇರಿಗೆ ಹೋದರೂ ಆದೀತು.

ಈಗ ಕಚೇರಿಯ ಜಾಲಕ್ಕೂ ಯಂತ್ರದ ಜಾಲಕ್ಕೂ ನಂಟು ಬೆಳೆದಿರುವುದರಿಂದ ಅಪಾಯವೂ ಬೆಳೆದಿದೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಇರಾನಿನ ನತಾಂಜ್ ಯುರೇನಿಯಂ ಘಟಕದಲ್ಲಿ ಪಿಎಲ್‌ಸಿಗಳನ್ನೇ ಕೆಡಿಸಿ, ನಿರ್ವಾಹಕರ ಪರದೆಗೆ ಎಲ್ಲ ಸರಿಯಿದೆ ಎಂಬ ಹಳೆಯ ಅಳತೆಗಳನ್ನು ತೋರಿಸಿತು. ಎರಡು ಜಾಲಗಳ ನಡುವೆ ಗೋಡೆ ಇರಲೇಬೇಕು. ಆದರೆ ಗೋಡೆಯೊಂದನ್ನೇ ನಂಬುವಂತಿಲ್ಲ. ಒತ್ತಡ ಮಿತಿ ಮೀರಿದಾಗ ಪಂಪನ್ನು ನಿಲ್ಲಿಸುವ ಸುರಕ್ಷಾ ವ್ಯವಸ್ಥೆಗೆ ಬೇರೆಯೇ ಮಾಪಕ, ಬೇರೆಯೇ ನಿಯಂತ್ರಕ ಇಡುತ್ತಾರೆ. ತಂತ್ರಾಂಶದ ಹಂಗೇ ಇಲ್ಲದ, ಬರೀ ಸ್ಪ್ರಿಂಗಿನ ಬಲದಿಂದ ತೆರೆದುಕೊಳ್ಳುವ ಒತ್ತಡ ನಿವಾರಕ ವಾಲ್ವನ್ನೂ ಅದರ ಜೊತೆಗೆ ಕೂರಿಸುತ್ತಾರೆ.