ಸೊಗಡಿಗೆ ಬೆಲೆಯುಂಟು, ಬೀಜಕ್ಕೆ?

ಚಳಿಗಾಲದಲ್ಲಿ ಚಾಮರಾಜಪೇಟೆಯ ರಸ್ತೆಬದಿಯಲ್ಲಿ ಅವರೆಕಾಯಿಯ ರಾಶಿ ಬಿದ್ದಾಗ, ಕೊಳ್ಳುವವರು ಮೊದಲು ಕಾಯಿಯನ್ನು ಮೂಸಿ ಅನಂತರ ಬೆಲೆ ಕೇಳುತ್ತಾರೆ. ಕೈಗೆ ಅಂಟುವ ಆ ಸೊಗಡಿನ ಮೂಲ ಕೊಬ್ಬಿನಾಮ್ಲ. ಸಿಪ್ಪೆಯ ಜಿಡ್ಡಿನಲ್ಲಿ ಡೋಡೆಸಿನೋಯಿಕ್ ಮತ್ತು ಟೆಟ್ರಾಡೆಸಿನೋಯಿಕ್ ಆಮ್ಲಗಳು ಪ್ರಧಾನವೆಂದು 1979ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಸಸ್ಯಗಳ ನಂಟಸ್ತಿಕೆಯನ್ನು ಅರಿಯಲೂ ಕೊಬ್ಬಿನಾಮ್ಲಗಳು ನೆರವಾಗುತ್ತವೆ. ಲಿನ್ನೇಯಸ್ 1753ರಲ್ಲಿ ಅವರೆಯನ್ನು ಡಾಲಿಕಸ್ ಕುಲಕ್ಕೆ ಸೇರಿಸಿದನು. ಹುರುಳಿಯೂ ಬಹುಕಾಲ ಅಲ್ಲಿಯೇ ಇದ್ದಿತು. ಇಂದು ಅವರೆ ಲ್ಯಾಬ್‌ಲ್ಯಾಬ್ ಕುಲಕ್ಕೂ ಹುರುಳಿ ಮ್ಯಾಕ್ರೊಟೈಲೋಮ ಕುಲಕ್ಕೂ ಸೇರಿವೆ. ಹೂವು, ಕಾಯಿಗಳ ರೂಪದಿಂದ ಬಗೆಹರಿಯದ ಇಂಥ ಸಂದೇಹಗಳಲ್ಲಿ, ಬೀಜದ ಪಾಮಿಟಿಕ್, ಓಲಿಯಿಕ್, ಲಿನೋಲಿಯಿಕ್ ಆಮ್ಲಗಳ ಪ್ರಮಾಣವನ್ನು ಅಳೆದು ಕಾಡುತಳಿಗಳೊಡನೆ ಹೋಲಿಸಬಹುದು. ಆದರೆ ಬೀಜ ಬಲಿಯುವಾಗಿನ ಉಷ್ಣತೆಗೆ ತಕ್ಕಂತೆ ಈ ಪ್ರಮಾಣ ಬದಲಾಗುತ್ತದೆ. ಆದ್ದರಿಂದ ಒಂದೇ ಹೊಲದಲ್ಲಿ ಬೆಳೆದ ಬೀಜಗಳನ್ನೇ ಹೋಲಿಸಬೇಕು. ಇದು ಪೂರಕ ಸಾಕ್ಷ್ಯವೇ ಹೊರತು ಅಂತಿಮ ತೀರ್ಪಲ್ಲ.

ಇದು ಕೇವಲ ಪಂಡಿತರ ಚರ್ಚೆಯೆಂದು ಭಾವಿಸಬೇಕಿಲ್ಲ. ಹಗಲಿನ ಉದ್ದವನ್ನು ಅವಲಂಬಿಸದ ಹೆಬ್ಬಾಳ ಅವರೆಯಂಥ ತಳಿಗಳು ಬೇರೆ ಋತುಗಳಲ್ಲಿಯೂ ಕಾಯಿ ಕೊಡುತ್ತವೆ. ಇದು ರೈತನಿಗೆ ಉಪಕಾರವೇ. ಆದರೂ ಸೊಗಡಿಗಾಗಿ ಗ್ರಾಹಕರು ಅರಸುವುದು ಮಾಗಡಿಯ ಕಡೆಯ ನಾಟಿ ಅವರೆಯನ್ನು. ಮಾರುಕಟ್ಟೆ ಈ ಚಳಿಗಾಲದ ಸೊಗಡಿಗೆ ಹಣ ಕೊಡುತ್ತದೆ. ಆ ಗುಣವನ್ನು ಕಾಯ್ದಿಟ್ಟ ಬೀಜಕ್ಕೆ ಕೊಡುವುದಿಲ್ಲ. ಅರ್ಥಶಾಸ್ತ್ರ ಇಂಥದನ್ನು ಸಾರ್ವಜನಿಕ ಸರಕೆನ್ನುತ್ತದೆ: ಲಾಭ ಎಲ್ಲರದು, ಹೊಣೆ ಯಾರದೂ ಅಲ್ಲ.

ಆ ಹೊಣೆಯನ್ನು ಸರ್ಕಾರವೇ ಹೊರಬೇಕು. ನಾಟಿ ಮತ್ತು ಕಾಡು ಅವರೆಯ ಬೀಜಗಳನ್ನು ಅವುಗಳ ಕೊಬ್ಬಿನಾಮ್ಲದ ವಿವರದೊಂದಿಗೆ ಸಂಗ್ರಹಿಸಿ, ಹೊಲದಲ್ಲಿ ಉಳಿಸುವ ರೈತನಿಗೆ ಪ್ರೋತ್ಸಾಹಧನ ನೀಡುವುದು ದೊಡ್ಡ ವೆಚ್ಚವೇನಲ್ಲ. ಕಳೆದುಹೋದ ತಳಿಯನ್ನು ಯಾವ ಆಯವ್ಯಯವೂ ಮರಳಿ ತರಲಾರದು.