ಬುಡ್ಡಿಯೊಳಗಿನ ಗುಟ್ಟು

ಆಷಾಢದ ಮಳೆ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮನೆಗಳಲ್ಲಿ ಹೊರಗಿನ ಓಡಾಟಕ್ಕೆ ತಡೆ ಬೀಳುತ್ತದೆ. ಅತ್ತ ತುಂಗೆ, ಇತ್ತ ಭದ್ರೆ ಕೆನ್ನೀರಾಗಿ ಹರಿಯುತ್ತಿರಲು, ಇತ್ತ ಜಗಲಿಗೆ ಚೆನ್ನೆಮಣೆ, ಚೌಕಾಬಾರ, ಕೇರಂ ಹಲಗೆಗಳು ಇಳಿದುಬರುತ್ತವೆ. ಬೆಂಗಳೂರಿನಿಂದ ನೆಂಟರೂ ಬಂದು ಸೇರಿದರಂತೂ ನಾಲ್ವರ ಆಟ ಸಾಲದು. ಆರೇಳು ಮಂದಿ ಒಟ್ಟಿಗೆ ಆಡಬಹುದಾದ ಆಟ ಯಾವುದು? ಅಂಥವರಿಗಾಗಿ ದೂರದೇಶದ ಒಂದು ಆಟವನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ. ಅದರ ಹೆಸರು ಕೆಲ್ಲಿ ಪೂಲ್.

ಹಸುರು ಬಟ್ಟೆ ಹೊದಿಸಿದ ಮೇಜು, ಆರು ಕುಳಿ, ಉದ್ದನೆಯ ಕೋಲು. ಇಷ್ಟು ಕಂಡೊಡನೆ ಬಿಲಿಯರ್ಡ್ಸ್ ಎಂದು ನಾವು ಗುರುತಿಸುತ್ತೇವೆ. 'ಪೂಲ್' ಎಂಬ ಮಾತಿಗೆ ಮಾತ್ರ ಮೂಲದಲ್ಲಿ ಆಟಗಾರರೆಲ್ಲರೂ ಕೂಡಿಸಿಟ್ಟ ಪಣದ ಗಂಟು ಎಂದು ಅರ್ಥ. ಇಂಥ ಪಣದಾಟಗಳಿಗೂ ನಮ್ಮ ದೇಶಕ್ಕೂ ಹಳೆಯ ನಂಟುಂಟು. 1875ರಲ್ಲಿ ಜಬಲ್ಪುರದಲ್ಲಿದ್ದ ಆಂಗ್ಲ ಸೇನಾಧಿಕಾರಿ ನೆವಿಲ್ ಚೇಂಬರ್ಲೇನನು ಅಂದಿನ ಪೂಲ್ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಕೂಡಿಸಿದುದರಿಂದ ಸ್ನೂಕರ್ ಹುಟ್ಟಿತೆಂದು ಹೇಳುತ್ತಾರೆ. ಅದರ ನಿಯಮಗಳು ನೆಲೆಗೊಂಡದ್ದು ನೀಲಗಿರಿಯ ಊಟಿಯಲ್ಲಿ. ಅದೇ ಕೋಲು ಹಿಡಿದು ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಆಡ್ವಾಣಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗೆದ್ದು, 2018ರಲ್ಲಿ ಪದ್ಮಭೂಷಣರಾದರು. ಕೆಲ್ಲಿ ಪೂಲ್ ಮಾತ್ರ ಅಮೆರಿಕದ್ದು.

ಇನ್ನು ಆಡುವ ಬಗೆ. ಮೇಜಿನ ಮೇಲೆ 1ರಿಂದ 15ರವರೆಗೆ ಅಂಕಿ ಬರೆದ ಚೆಂಡುಗಳನ್ನು ತ್ರಿಕೋನವಾಗಿ ಜೋಡಿಸುತ್ತಾರೆ. ಇನ್ನೊಂದು ಬುಡ್ಡಿಯಲ್ಲಿ ಅದೇ ಅಂಕಿಗಳುಳ್ಳ 15 ಪುಟ್ಟ ಕಾಳುಗಳಿರುತ್ತವೆ. ಪ್ರತಿಯೊಬ್ಬರೂ ಸಮನಾದ ಪಣವನ್ನಿಟ್ಟು, ಬುಡ್ಡಿಯನ್ನು ಕುಲುಕಿ, ತಲೆಗೊಂದರಂತೆ ಕಾಳನ್ನು ತೆಗೆದುಕೊಂಡು ಯಾರಿಗೂ ತೋರಿಸದೆ ಇಟ್ಟುಕೊಳ್ಳಬೇಕು. ಆ ಅಂಕಿಯೇ ಅವರವರ ಗುಟ್ಟು.

ಸರದಿ ಬಂದವನು ಬಿಳಿಯ ಚೆಂಡಿನಿಂದ ಹೊಡೆಯುವಾಗ ಮೇಜಿನ ಮೇಲಿರುವ ಚೆಂಡುಗಳ ಪೈಕಿ ಅತಿ ಸಣ್ಣ ಅಂಕಿಯದನ್ನೇ ಮೊದಲು ತಾಕಿಸಬೇಕು. ಅನಂತರ ಯಾವ ಚೆಂಡು ಕುಳಿಗೆ ಬಿದ್ದರೂ ಸರಿಯೆ. ಬಿದ್ದರೆ ಅವನೇ ಮುಂದುವರಿಯುತ್ತಾನೆ. ತನ್ನ ಗುಟ್ಟಿನ ಅಂಕಿಯ ಚೆಂಡನ್ನು ತಾನೇ ಕೆಡವಿದವನು ಕಾಳನ್ನು ತೋರಿಸಿ ಗಂಟನ್ನು ಎತ್ತಿಕೊಳ್ಳುತ್ತಾನೆ. ಅದನ್ನು ಬೇರೊಬ್ಬನು ಕೆಡವಿದರೆ ಇವನ ಆಟ ಅಲ್ಲಿಗೆ ಮುಗಿಯಿತು. ತಪ್ಪು ಚೆಂಡನ್ನು ಮೊದಲು ತಾಕಿಸಿದರೆ, ಇಲ್ಲವೆ ಬಿಳಿಯ ಚೆಂಡೇ ಕುಳಿಗೆ ಬಿದ್ದರೆ ಸರದಿ ಹೋಗುತ್ತದೆ. ಆ ಹೊಡೆತದಲ್ಲಿ ಬಿದ್ದ ಚೆಂಡು ಮೇಜಿಗೆ ಮರಳುತ್ತದೆ.

ಆಟದ ಸ್ವಾರಸ್ಯವಿರುವುದು ಇಲ್ಲಿಯೇ. ಸಣ್ಣ ಅಂಕಿ ಬಂದವನ ಚೆಂಡಿನ ಮೇಲೆ ಎಲ್ಲರ ಕಣ್ಣೂ ಮೊದಲೇ ಬೀಳುತ್ತದೆ. ದೊಡ್ಡ ಅಂಕಿಯವನೋ, ಸಣ್ಣದನ್ನು ತಾಕಿಸಿ ಅದರ ಪೆಟ್ಟಿನಿಂದ ತನ್ನದನ್ನು ಉರುಳಿಸುವ ಚಾತುರ್ಯ ಪಡೆದಿರಬೇಕು. ತನ್ನ ಚೆಂಡಿನತ್ತ ಪದೇಪದೇ ನೋಡಿದವನ ಗುಟ್ಟು ರಟ್ಟಾಯಿತೆಂದೇ ತಿಳಿಯಿರಿ!

ಮನೆಯಲ್ಲಿ ಅಂಥ ಮೇಜು ಎಲ್ಲಿಂದ ಬರಬೇಕು, ಎನ್ನುವಿರಾ? ಕೇರಂ ಹಲಗೆಯೇ ಸಾಕು. 15 ಕಾಯಿಗಳ ಮೇಲೆ ಅಂಕಿಯ ಚೀಟಿ ಅಂಟಿಸಿ. ಖಾಲಿ ಉಪ್ಪಿನಕಾಯಿ ಶೀಶೆಯಲ್ಲಿ 15 ಮಡಿಸಿದ ಚೀಟಿ ಹಾಕಿ. ಸ್ಟ್ರೈಕರು ಬಿಳಿಯ ಚೆಂಡಿನ ಕೆಲಸ ಮಾಡುತ್ತದೆ. ಪಣಕ್ಕೆ ತಲೆಗೆ ಹತ್ತು ಹುಣಿಸೆ ಬೀಜ. ಮುಗಿದ ಮೇಲೆ ಎಲ್ಲರೂ ಚೀಟಿಯನ್ನು ಬಿಚ್ಚಿ ತೋರಿಸುವುದು ಕಡ್ಡಾಯವಾಗಿರಲಿ. ಇಬ್ಬರು ಒಳಸಂಚು ಮಾಡಿದ್ದರೆ ಅನುಮಾನಕ್ಕೆ ಎಡೆಯಾಗುವುದು ಆಗಲೇ.

ಬೀಜದ ಬದಲು ಹಣವೇಕಾಗಬಾರದೆಂದು ಮನೆಯ ತರುಣರು ಕೇಳಬಹುದು. ಗದರಿಸದೆ ಅವರ ಕೈಗೆ ಪೆನ್ಸಿಲು ಕೊಡಿ. ಯಾರೂ ಗೆಲ್ಲದೆ ಆಟ ಮುಗಿದರೆ ಗಂಟನ್ನು ಹಾಗೆಯೇ ಬಿಟ್ಟು ಪಣವನ್ನು ಇಮ್ಮಡಿ ಮಾಡುವ ಪದ್ಧತಿಯನ್ನು ಇಟ್ಟುಕೊಂಡರೆಂದು ಭಾವಿಸೋಣ. ಮೊದಲ ಆಟಕ್ಕೆ 10 ರೂಪಾಯಿ. ಬಳಿಕ 20, 40, 80, 160. ಐದೇ ಆಟಗಳಿಗೆ ಒಬ್ಬನ ಕೈಯಿಂದ ಹೋದದ್ದು 310 ರೂಪಾಯಿ! ಹತ್ತು ರೂಪಾಯಿಗೆಂದು ಕುಳಿತವನು ಆಗ ಏಳಲಾರನು. ಎದ್ದರೆ ಹೋದದ್ದು ಹೋಯಿತು. ಕುಳಿತರೆ ಬಂದೀತೆಂಬ ಆಸೆ. ಧರ್ಮರಾಯನನ್ನು ಪಗಡೆಯ ಹಾಸಿನ ಮುಂದೆ ಕಟ್ಟಿ ಕೂರಿಸಿದ್ದೂ ಇದೇ ಅಲ್ಲವೆ? ಒಂದು ವರ್ಷದ ಅಡಿಕೆಯ ಹುಟ್ಟುವಳಿಯನ್ನು ದೀಪಾವಳಿಯ ಒಂದೇ ರಾತ್ರಿಯ ಇಸ್ಪೀಟಿಗೆ ಸುರಿದವರ ಕಥೆಗಳನ್ನು ಮಲೆನಾಡಿನ ಹಿರಿಯರು ಹೇಳುವುದುಂಟು. ಜೂಜಿನ ಅಡ್ಡೆ ನಡೆಸುವುದೂ ಅಲ್ಲಿ ಆಡುವುದೂ 1963ರ ಪೊಲೀಸ್ ಕಾಯ್ದೆಯಂತೆ ಅಪರಾಧವೇ. ಆದರೆ ಕಾಯ್ದೆಗಿಂತ ಮೊದಲು ಮುರಿಯುವುದು ಮನೆಮಂದಿಯ ನಂಬಿಕೆ.

ಆದುದರಿಂದ ಬೀಜದ ಪಣವೇ ಇರಲಿ. ಇಮ್ಮಡಿಯ ನಿಯಮ ಬೇಡ. ಗೆದ್ದ ಮೊಮ್ಮಗಳು ಅರವತ್ತು ಬೀಜಗಳನ್ನೂ ಸೆರಗಿಗೆ ಸುರಿದುಕೊಂಡು ಬೀಗಲಿ, ಸೋತ ಅಜ್ಜ ಹುಸಿಮುನಿಸು ತೋರಲಿ. ರಾತ್ರಿಯ ಊಟಕ್ಕೆ ಎಲೆ ಹಾಕುವ ವೇಳೆಗೆ ಬೀಜಗಳೆಲ್ಲ ಡಬ್ಬಿಗೆ ಮರಳುತ್ತವೆ. ನಾಳೆಯೂ ಮಳೆಯಿರುತ್ತದೆ; ಆಟವೂ ಇರುತ್ತದೆ.